ರಕ್ತದ ಕಲೆಗೆ ತಣ್ಣೀರು

ಅಕ್ಕಾ,

ದೇವರ ಪಾದ ಸೇರಿದ ನಿನಗೆ ಈ ಕಾಗದ ತಲುಪುವುದಿಲ್ಲ, ಗೊತ್ತು. ಇವತ್ತು ಆಸ್ಪತ್ರೆಯ ಬಟ್ಟೆ ಒಗೆಯುವ ನಮಗೆಲ್ಲ ಪರೀಕ್ಷೆಯಿತ್ತು. ಫೇಲಾದರೆ ಕೆಲಸವಿಲ್ಲ. ಇಪ್ಪತ್ತು ನಿಯಮಗಳನ್ನು ಮನಸ್ಸಿನಲ್ಲೇ ನಮ್ಮ ಹಳೇ ಮನೆಯ ಒಂದೊಂದು ಮೂಲೆಯಲ್ಲಿಟ್ಟು ಬಾಯಿಪಾಠ ಮಾಡಿದ್ದೆ. ರಕ್ತದ ಬಟ್ಟೆಗೆ ತಣ್ಣೀರು ಎಂಬುದು ಹೊಸ್ತಿಲ ಮೇಲಿತ್ತು. ದೇವರ ಗೂಡಿನಲ್ಲಿ ಮಾತ್ರ ಏನೂ ಇಡಲಿಲ್ಲ, ಕೊಳೆ ಬಟ್ಟೆಯಲ್ಲವೇ.

ಪಟಪಟನೆ ಒಪ್ಪಿಸಿದೆ. ಮೇಲ್ವಿಚಾರಕಿ ನಕ್ಕಳು. "ಸರಿ ಕಣಮ್ಮ, ಮೊಟ್ಟೆ ಚೆಲ್ಲಿದ ಹೊದಿಕೆಗೆ ಯಾವ ನೀರು?"

ಅದು ಪಟ್ಟಿಯಲ್ಲಿರಲಿಲ್ಲ. ಕಣ್ಣು ಮುಚ್ಚಿ ಮನೆಯೆಲ್ಲ ಸುತ್ತಿದೆ. ಯಾವ ಮೂಲೆಯಲ್ಲೂ ಮೊಟ್ಟೆಯಿರಲಿಲ್ಲ.

"ರಕ್ತಕ್ಕೆ ತಣ್ಣೀರು ಯಾಕೆ ಅಂತ ತಿಳಿದಿದ್ರೆ ಹೇಳ್ತಿದ್ರಿ. ಸೋಮವಾರ ಬನ್ನಿ, ಕೊನೇ ಸಲ."

ಹೊರಗೆ ಬಂದ ಮೇಲೆ ಆ ಹಳೇ ಮನೆಯ ಅಡುಗೆಮನೆಯಲ್ಲಿ ಹತ್ತು ವರ್ಷದ ನೀನು ಕಂಡೆ. "ಬಿಸಿಗೆ ಮೊಟ್ಟೆ ಗಟ್ಟಿಯಾಗುತ್ತಲ್ಲ, ರಕ್ತಾನೂ ಹಾಗೇ ಕಣೇ. ಅದಕ್ಕೇ ಕಲೆ ಕೂತುಬಿಡುತ್ತೆ" ಎಂದಿದ್ದೆ ನೀನು.

ನೀನು ಪಾಠ ಒಪ್ಪಿಸದೆ ಬರೀ 'ಯಾಕೆ' ಎನ್ನುತ್ತೀಯೆಂದು ಮೇಷ್ಟ್ರು ದೂರಿದಾಗ ಅಪ್ಪ ನನ್ನನ್ನು ಕೇಳಿದರು, "ನಿಮ್ಮಕ್ಕ ದಡ್ಡೀನೇನೇ?" ನಾನು ಹೌದೆಂದು ತಲೆಯಾಡಿಸಿದೆ. ಮರುದಿನದಿಂದ ಅಪ್ಪ ನಿನ್ನನ್ನು ಕಳಿಸಲಿಲ್ಲ, ಶಾಲೆಗೆ ನಾನೊಬ್ಬಳೇ ಹೋದೆ.

ಸೋಮವಾರ ನಿನ್ನ ಉತ್ತರವನ್ನೇ ಹೇಳಬೇಕು. ದೇವರ ಗೂಡಿನಲ್ಲಿಟ್ಟು ಅದನ್ನೂ ಬಾಯಿಪಾಠ ಮಾಡುತ್ತಿದ್ದೇನೆ.