ಪ್ರಣೀತಾ ಮಾಡಿದ ನದಿ

ಠಾಕುರ್ಲಿ,
೧೪ ಡಿಸೆಂಬರ್ ೨೦೨೪

ಪ್ರೀತಿಯ ತಂಗಿ ದಾನೇಶ್ವರಿಗೆ ಅಕ್ಕನ ಆಶೀರ್ವಾದ.

ನಿನ್ನ ಮಂಡಿನೋವು ಹೇಗಿದೆ? ಬರೀ ಎಣ್ಣೆ ಹಚ್ಚಿಕೊಂಡು ಸುಮ್ಮನಿರಬೇಡ, ಕಲಬುರಗಿಗೆ ಹೋಗಿ ಡಾಕ್ಟರಿಗೆ ತೋರಿಸು. ಫೋನಿನಲ್ಲಿ ಹೇಳಲು ಬಾಯಿ ಬರಲಿಲ್ಲ, ಅದಕ್ಕೆ ಬರೆಯುತ್ತಿದ್ದೇನೆ.

ಊರಿನ ಶಾಲೆಯವರು ದಡ್ಡಿ ಎಂದು ಕೈಬಿಟ್ಟ ನಿನ್ನ ಮಗಳು ಪ್ರಣೀತಾಳನ್ನು ನಾನೇ ಹಟ ಮಾಡಿ ಇಲ್ಲಿಯ ಕನ್ನಡ ಶಾಲೆಗೆ, ನನ್ನ ಕ್ಲಾಸಿಗೇ ಕರೆತಂದೆ. ಪುಸ್ತಕ ತೆರೆದರೆ ಅವಳಿಗೆ ಅಕ್ಷರಗಳೆಲ್ಲ ಕಲಸಿಹೋಗುತ್ತವೆ. ಕಿವಿಗೆ ಬಿದ್ದದ್ದು ಮಾತ್ರ ಮರೆಯುವುದಿಲ್ಲ. ಅವಳಿಗಾಗಿಯೇ ಪಾಠದ ರೀತಿ ಬದಲಿಸಿದೆ. ಓದಬಲ್ಲವರು ಓದಲಿ, ಉಳಿದವರು ಮೊಬೈಲಿನಲ್ಲಿ ನನ್ನ ದನಿ ಕೇಳಲಿ. ಉತ್ತರವನ್ನು ಬರೆಯಬಹುದು, ಹೇಳಬಹುದು, ಮಣ್ಣಿನಲ್ಲಿ ಮಾಡಿಯೂ ತೋರಿಸಬಹುದು. ಆರು ತಿಂಗಳಲ್ಲಿ ಕ್ಲಾಸಿನಲ್ಲಿ ಮೊದಲು ಕೈ ಎತ್ತುವವಳು ಅವಳೇ ಆದಳು. ರೊಟ್ಟಿ ತಿನ್ನುತ್ತ, 'ದೊಡ್ಡವ್ವ, ನಾ ದಡ್ಡಿ ಅಲ್ಲ, ಹೌದಿಲ್ಲೋ?' ಎಂದು ಕೇಳುತ್ತಿದ್ದಳು.

ಹೋದ ತಿಂಗಳು ಈ ಪಾಠ ನೋಡಲು ಅಧಿಕಾರಿಗಳು ಬರುವವರಿದ್ದರು. ಹಿಂದಿನ ದಿನ ಹೆಡ್‌ಮಾಸ್ತರ್ ಲೋಕನಾಥ ಸರ್ ಕರೆದು, 'ಆ ಹುಡುಗಿ ಹತ್ರ ಪುಸ್ತಕ ಓದಿಸಿದ್ರೆ ನಮ್ಮ ಮರ್ಯಾದೆ ಹೋಗ್ತದೆ ಮೇಡಂ, ನಾಳೆ ಅವಳು ಬೇಡ' ಎಂದರು. ಹೂಂ ಎಂದೆ. ಯಾಕೆಂದು ತಿಳಿಯದು ಎಂದು ಬರೆದರೆ ಸುಳ್ಳಾಗುತ್ತದೆ. ಟೀಚರುಗಳಿಗೆ ತರಬೇತಿ ಕೊಡುವ ಹುದ್ದೆಯ ಮೇಲೆ ನನಗೆ ಕಣ್ಣಿತ್ತು, ಅದನ್ನು ಕೊಡುವವರು ಆ ಅಧಿಕಾರಿಗಳೇ. ಮನೆಗೆ ಬಂದು, 'ನಾಳೆ ನಿನಗ ಸೂಟಿ, ಮನ್ಯಾಗ ಇರು' ಎಂದೆ. ನಂಬಿದಳು.

ಮರುದಿನ ಅಧಿಕಾರಿಗಳು ಮಣ್ಣಿನ ನದಿಯೊಂದನ್ನು ಬಹಳ ಮೆಚ್ಚಿ, ಯಾರು ಮಾಡಿದ್ದೆಂದು ಕೇಳಿದರು. ಅದು ಪ್ರಣೀತಾಳದು. ನಾನು ಕ್ಲಾಸಿನ ಇನ್ನೊಬ್ಬ ಹುಡುಗ ಆಕಾಶನ ಹೆಸರು ಹೇಳಿದೆ. 'ನಾ ಮಾಡಿದ್ದು!' ಎಂಬ ದನಿ ಬಾಗಿಲಿನಿಂದ ಬಂತು. ನದಿಯ ದಂಡೆಗೆ ಮರ ನೆಡುವುದು ಬಾಕಿಯಿದೆ ಎಂದು ಅವಳು ಕಡ್ಡಿಗಳನ್ನು ಹಿಡಿದು ಮನೆಯಿಂದ ಓಡಿಬಂದಿದ್ದಳು. ಈಕೆ ಯಾರೆಂದು ಅವರು ಕೇಳಿದರು. 'ಬೇರೆ ಕ್ಲಾಸಿನವಳು ಸರ್, ಬುದ್ಧಿ ಸ್ವಲ್ಪ ಕಡಿಮೆ' ಎಂದೆ. ಮಕ್ಕಳು ನಕ್ಕರು. ಅವಳು ಕಡ್ಡಿಗಳನ್ನು ಹೊಸ್ತಿಲ ಮೇಲಿಟ್ಟು ಹೊರಟುಹೋದಳು.

ಅಂದಿನಿಂದ ಕ್ಲಾಸಿನಲ್ಲಿ ಬಾಯಿ ಬಿಟ್ಟಿಲ್ಲ. ಮಣ್ಣು ಕೊಟ್ಟರೆ ಮುಟ್ಟುವುದಿಲ್ಲ. ತಪ್ಪಾಯಿತೆಂದು ತಲೆ ಸವರಲು ಹೋದರೆ, 'ನೀವು ಬ್ಯಾರೆ ಕ್ಲಾಸಿನ ಟೀಚರ್' ಎಂದು ಸರಿದು ಕೂತಳು.

ಆರೋಗ್ಯ ನೋಡಿಕೋ. ಅವ್ವನಿಗೆ ನನ್ನ ನಮಸ್ಕಾರ ತಿಳಿಸು.

ನಿನ್ನ ಅಕ್ಕ,
ಅನಸೂಯಾ

ತಾ.ಕ.: ಆ ಹುದ್ದೆ ನನಗೇ ಸಿಕ್ಕಿದೆ. ಎಲ್ಲ ಬಗೆಯ ಮಕ್ಕಳಿಗೂ ಕಲಿಸುವುದು ಹೇಗೆಂದು ಸೋಮವಾರದಿಂದ ವಾಶಿಯಲ್ಲಿ ಟೀಚರುಗಳಿಗೆ ಹೇಳಿಕೊಡಬೇಕು. ಇವಳನ್ನು ನೋಡಿಕೊಳ್ಳಲು ಆಗುವುದಿಲ್ಲ. ಪಕ್ಕದ ಮನೆಯ ಶಿವರಾಯ ಊರಿಗೆ ಹೊರಟಿದ್ದಾನೆ, ಅವನ ಜೊತೆ ಕಳಿಸುತ್ತಿದ್ದೇನೆ. ಪತ್ರವನ್ನು ಅವಳ ಕೈಯಲ್ಲೇ ಕೊಟ್ಟಿದ್ದೇನೆ. ಲಕೋಟೆ ಅಂಟಿಸಿಲ್ಲ. ಹೇಗೂ ಅವಳಿಗೆ ಓದಲು ಬರುವುದಿಲ್ಲ.