ನಾಲ್ಕನೆಯ ಪ್ಯಾರಾದ ಏಳು ಸುತ್ತುಗಳು

ಸಣ್ಣ ವಿಮಾನ ನಿಲ್ದಾಣಗಳ ಸುರಕ್ಷತಾ ಕಚೇರಿಯ ಮುಖ್ಯಾಧಿಕಾರಿಗಳಿಗೆ,

ಮಾನ್ಯರೇ,

ಬರುವ ತಿಂಗಳ ಒಂದನೇ ತಾರೀಖಿನಿಂದ ನಮ್ಮ ಬಾಯಿ ಮುಚ್ಚಿಸಲು ತಾವು ಹೊರಡಿಸಿದ ಆದೇಶ ತಲುಪಿದೆ. ವಿಮಾನಗಳನ್ನಿಡುವ ಹ್ಯಾಂಗರಿನ ಬಾಗಿಲಿಗೆ ಅದನ್ನು ಅಂಟಿಸಿದ್ದಾರೆ. ನಿಯಂತ್ರಣ ಗೋಪುರವಿಲ್ಲದ ನಿಲ್ದಾಣಗಳಲ್ಲಿ ಪೈಲಟ್‌ಗಳು ರೇಡಿಯೋದಲ್ಲಿ ತಮ್ಮತಮ್ಮಲ್ಲೇ ನಡೆಸುವ 'ಅನಧಿಕೃತ ಸಂಭಾಷಣೆ'ಯನ್ನು ನಿಲ್ಲಿಸತಕ್ಕದ್ದು ಎಂದು ಅದರಲ್ಲಿದೆ. ಇನ್ನು ಮುಂದೆ ನಾವು ಯಾವಾಗ ಏರುತ್ತೇವೆ, ಯಾವಾಗ ಇಳಿಯುತ್ತೇವೆ ಎಂದು ಹಿಂದಿನ ದಿನವೇ ಬರೆದು ಕಳಿಸಬೇಕು. ರನ್‌ವೇಯ ತುದಿಯಲ್ಲಿ ಒಂದು ಕಂಬ ನೆಡುತ್ತೀರಿ. ಅದರ ಮೇಲಿನ ಕೆಂಪು ದೀಪ, ಹಸಿರು ದೀಪಗಳನ್ನು ತಮ್ಮ ಕಚೇರಿಯಲ್ಲಿ ಕುಳಿತವರೊಬ್ಬರು ನಮ್ಮ ಅರ್ಜಿ ನೋಡಿಕೊಂಡು ಹೊತ್ತಿಸುತ್ತಾರೆ. ನಾವು ಮೇಲಿನಿಂದ ದೀಪ ನೋಡಿ ಇಳಿಯಬೇಕು, ಅದೂ ತುಟಿ ಪಿಟಕ್ಕೆನ್ನದೆ.

ತಮ್ಮ ಕಚೇರಿಗೆ ನಾನು ಬಂದಿದ್ದೆ. ದೀಪದ ಗುಂಡಿ ಕೂರಿಸಲಿರುವ ಕೊಠಡಿಯನ್ನೂ ನೋಡಿದೆ. ಅಲ್ಲಿನ ಕಿಟಕಿಯಿಂದ ನಮ್ಮ ರನ್‌ವೇ ಕಾಣುವುದಿಲ್ಲ, ಎದುರು ಕಟ್ಟಡದ ನೀರಿನ ತೊಟ್ಟಿ ಕಾಣುತ್ತದೆ. ತಾವು ಮೀಟಿಂಗ್‌ನಲ್ಲಿದ್ದೀರಿ ಎಂದರು. ಎರಡೂವರೆ ಗಂಟೆ ಬೆಂಚಿನ ಮೇಲೆ ಕುಳಿತು ತಮ್ಮ ಕಾರಿಡಾರನ್ನೇ ನೋಡಿದೆ. ನಾಲ್ಕು ದಿಕ್ಕಿನಿಂದ ಬರುವ ನಾಲ್ಕು ಕಾರಿಡಾರುಗಳು ಲಿಫ್ಟಿನ ಮುಂದೆ ಕೂಡುತ್ತವೆ. ಕಡತ ಹೊತ್ತವರು, ಕಾಫಿ ಲೋಟ ಹಿಡಿದವರು, ಫೋನಿನೊಳಗೆ ಮುಖ ಹುದುಗಿಸಿದವರು, ಎಲ್ಲರೂ ಅಲ್ಲಿ ಎದುರುಬದುರಾಗುತ್ತಿದ್ದರು. 'ಹೋಗಿ ಸಾರ್.' 'ಅಯ್ಯೋ ಮೇಡಮ್, ನೀವ್ ಹೋಗಿ, ಕೈಯಲ್ಲಿ ಭಾರ ಇದೆ.' ಯಾರ ತಲೆಗೂ ಯಾರ ತಲೆಯೂ ಬಡಿಯಲಿಲ್ಲ. ಅಲ್ಲೊಂದು ಕೆಂಪು ದೀಪವೂ ಇರಲಿಲ್ಲ. ಇಷ್ಟು ಅಪಾಯಕಾರಿ ಸ್ಥಳದಲ್ಲಿ ತಮ್ಮ ಸಿಬ್ಬಂದಿ ದಿನವೂ ಅನಧಿಕೃತವಾಗಿ ಬದುಕಿ ಉಳಿಯುತ್ತಿರುವುದು ತಮ್ಮ ಗಮನಕ್ಕೆ ಬಂದಿದೆಯೇ?

ನಾನು ಕಿವಿ ಕೇಳದವರ ಯಂತ್ರಗಳನ್ನು ರಿಪೇರಿ ಮಾಡುವವನು. ವಾರವಿಡೀ ಕಾಳಿನಷ್ಟು ದೊಡ್ಡ ಸ್ಪೀಕರುಗಳನ್ನು ಬಿಚ್ಚಿ ಜೋಡಿಸುತ್ತೇನೆ. ಭಾನುವಾರ ಮಾತ್ರ ಅಪ್ಪ ಬಿಟ್ಟುಹೋದ ಎರಡು ಸೀಟಿನ ಹಳದಿ ವಿಮಾನದಲ್ಲಿ ಹಾರುತ್ತೇನೆ. ದೊಡ್ಡ ನಿಲ್ದಾಣಗಳಿಗೆ ಗೋಪುರ ಬೇಕು, ಅದನ್ನು ಅಲ್ಲಗಳೆಯುವಷ್ಟು ಹುಚ್ಚು ನನಗಿಲ್ಲ. ಆದರೆ ನಮ್ಮಲ್ಲಿ ಇರುವುದು ಒಂದು ರನ್‌ವೇ, ಒಂದು ಹ್ಯಾಂಗರ್, ಒಬ್ಬ ಮೆಕ್ಯಾನಿಕ್, ಗಾಳಿಯ ದಿಕ್ಕು ತೋರಿಸಲು ಕಂಬಕ್ಕೆ ಕಟ್ಟಿದ, ತುದಿ ಹರಿದ ಒಂದು ಗಾಳಿಚೀಲ. ದಿನಕ್ಕೆ ಹತ್ತೋ ಹನ್ನೆರಡೋ ವಿಮಾನಗಳು ಬಂದು ಹೋಗುತ್ತವೆ. ಎಲ್ಲರೂ ಒಂದೇ ಫ್ರೀಕ್ವೆನ್ಸಿಯಲ್ಲಿರುತ್ತೇವೆ. ನಾನು ಯಾರು, ಎಲ್ಲಿದ್ದೇನೆ, ಇನ್ನೇನು ಮಾಡುತ್ತೇನೆ, ಇಷ್ಟನ್ನು ಪ್ರತಿ ತಿರುವಿಗೆ ಮೊದಲು ಹೇಳುತ್ತೇವೆ. ಉಳಿದವರು ಕೇಳಿಸಿಕೊಂಡು, ಕಣ್ಣಿಂದಲೂ ಹುಡುಕಿ, ಜಾಗ ಬಿಡುತ್ತಾರೆ. ಆಕಾಶದಲ್ಲಿ ಬೇರೆ ಯಾರೂ ಇಲ್ಲದಿದ್ದರೂ ಹೇಳುತ್ತೇವೆ. ಅಪ್ಪ ನಮಗೆ ಇದನ್ನು ಕಲಿಸಿದ್ದು ಊಟದ ಮೇಜಿನ ಮೇಲೆ, ಸ್ಕೇಲನ್ನು ರನ್‌ವೇ ಮಾಡಿ, ಎರಡು ಬಾಟಲಿ ಮುಚ್ಚಳಗಳನ್ನು ವಿಮಾನ ಮಾಡಿ. 'ಮೊದ್ಲು ಹೇಳು, ಆಮೇಲೆ ತಿರುಗು. ಕೇಳೋರು ಇಲ್ಲ ಅಂತ ಅನ್ಕೋಬೇಡ. ಇಲ್ಲ ಅಂತ ನಿಂಗೆ ಹೇಳಿದ್ಯಾರು?'

'ನಮಗೆ' ಎಂದೆ. ಇನ್ನೊಂದು ಮುಚ್ಚಳ ನನ್ನ ಅಕ್ಕನ ಕೈಯಲ್ಲಿತ್ತು. ಅವಳ ವಿಷಯಕ್ಕೆ ಬರಲೇಬೇಕು, ಏಕೆಂದರೆ ತಮ್ಮ ಆದೇಶ ನಿಂತಿರುವುದೇ ಅವಳ ಮತ್ತು ನನ್ನ ಹೆಗಲ ಮೇಲೆ.

ಆರು ವಾರಗಳ ಹಿಂದೆ ತಮ್ಮ ತಪಾಸಣಾಧಿಕಾರಿಗಳು ಬಂದು ಮೂರು ದಿನ ಹ್ಯಾಂಗರಿನ ನೆರಳಲ್ಲಿ ಪ್ಲಾಸ್ಟಿಕ್ ಕುರ್ಚಿ ಹಾಕಿಸಿಕೊಂಡು ಕುಳಿತರು. ಒಳ್ಳೆಯ ಮನುಷ್ಯ. ನಮ್ಮ ಮೆಕ್ಯಾನಿಕ್ಕಿಗೂ ಅವರಿಗೂ ನಡೆದ ಮಾತು ನಮ್ಮಲ್ಲಿ ಈಗಲೂ ಚಾಲ್ತಿಯಲ್ಲಿದೆ.

'ಇಲ್ಲಿ ಇನ್‌ಚಾರ್ಜ್ ಯಾರು?'

'ಅಲ್ನೋಡಿ ಸಾರ್,' ಎಂದು ಮೆಕ್ಯಾನಿಕ್ ಗಾಳಿಚೀಲ ತೋರಿಸಿದ.

'ತಮಾಷೆ ಬೇಡ. ಯಾರು ಮೊದ್ಲು ಇಳೀಬೇಕು ಅಂತ ಯಾರ್ ಹೇಳ್ತಾರೆ?'

'ಇಳಿಯೋರೇ ಹೇಳ್ತಾರೆ.'

'ಇಬ್ಬರೂ ನಾನೇ ಮೊದ್ಲು ಅಂದ್ರೆ?'

'ಇಪ್ಪತ್ತೆರಡು ವರ್ಷದಿಂದ ಇಲ್ಲಿದೀನಿ ಸಾರ್, ಹಾಗಂದೋರನ್ನ ನೋಡಿಲ್ಲ. ಇಬ್ಬರೂ ನೀವೇ ಮೊದ್ಲು ಅನ್ನೋದೇ ನಮ್ಮ ಕಷ್ಟ.'

ಇದನ್ನು ಅವರು ಬರೆದುಕೊಳ್ಳಲಿಲ್ಲ. ಬರೆದುಕೊಂಡಿದ್ದರೆ ಈ ಪತ್ರದ ಅಗತ್ಯವೇ ಇರುತ್ತಿರಲಿಲ್ಲ. ಬರೆದುಕೊಂಡದ್ದು ಮೂರನೇ ದಿನ, ಭಾನುವಾರ, ಕಣ್ಣಾರೆ ಕಂಡದ್ದನ್ನು. ಅದು ತಮ್ಮ ಆದೇಶದ ನಾಲ್ಕನೆಯ ಪ್ಯಾರಾ: 'ಹಳದಿ ಹಾಗೂ ಕಿತ್ತಳೆ ಬಣ್ಣದ ಎರಡು ವಿಮಾನಗಳು, ರನ್‌ವೇ ಸಂಪೂರ್ಣ ಖಾಲಿಯಿದ್ದಾಗ್ಯೂ, ಏಳು ಬಾರಿ ಇಳಿಯಲು ಬಂದು ಏಳು ಬಾರಿಯೂ ಇಳಿಯದೆ ಹಿಂದಿರುಗಿದವು. ನಿರ್ದೇಶನ ನೀಡುವವರಿಲ್ಲದಿದ್ದಲ್ಲಿ ಪೈಲಟ್‌ಗಳು ನಿರ್ಧಾರ ಕೈಗೊಳ್ಳಲು ಅಸಮರ್ಥರೆಂಬುದಕ್ಕೆ ಇದು ನಿದರ್ಶನ.'

ಏಳು ಎಂಬುದು ಸರಿಯಾದ ಲೆಕ್ಕ. ಹಳದಿ ನನ್ನದು. ಕಿತ್ತಳೆ ಅಕ್ಕನದು, ಅವಳು ಹೊಲಗಳಿಗೆ ಔಷಧಿ ಸಿಂಪಡಿಸುವ ಪೈಲಟ್. ಉಳಿದದ್ದೆಲ್ಲ ತಪ್ಪು. ಅಂದು ಬೇಕಾಗಿದ್ದದ್ದು ದೀಪವಲ್ಲ, ಇಬ್ಬರ ಕಿವಿ ಹಿಂಡುವ ಹಿರಿಯರು.

ನಮ್ಮಪ್ಪ ತೀರಿಕೊಂಡ ದಿನ ಅಕ್ಕ ದೂರದ ಹೊಲಗಳ ಮೇಲಿದ್ದಳು. ಸುದ್ದಿ ಮುಟ್ಟಿ, ಅವಳು ಮನೆಗೆ ಬರುವಷ್ಟರಲ್ಲಿ ಎಲ್ಲ ಮುಗಿದಿತ್ತು. ಔಷಧಿಯ ವಾಸನೆಯ ಮೇಲಂಗಿಯಲ್ಲೇ ಹಜಾರದಲ್ಲಿ ನಿಂತಳು. ಬಂಧುಗಳ ಮುಂದೆ ನಾನು ಕೇಳಿದೆ: 'ಮುಗೀತಾ, ಹುಳ ಸಾಯಿಸಿ?' ಅಷ್ಟೇ. ಅವಳು ಬಂದ ಹಾಗೇ ತಿರುಗಿ ಹೋದಳು. ಅದಾಗಿ ಒಂಬತ್ತು ವರ್ಷ. ಹಬ್ಬಿದ ಸುದ್ದಿಯಂತೆ ಅದು ದೊಡ್ಡ ಜಗಳವೇನೂ ಅಲ್ಲ. ಜಗಳಕ್ಕೆ ಎರಡು ಕಡೆಯ ಮಾತು ಬೇಕು, ಇಲ್ಲಿದ್ದದ್ದು ನನ್ನದೊಂದೇ ಮಾತು.

ಆದರೂ ಈ ಒಂಬತ್ತು ವರ್ಷ ನಾವು ಪ್ರತಿ ಭಾನುವಾರ ಮಾತನಾಡಿದ್ದೇವೆ, ಮಾನ್ಯರೇ. ಪದ್ಧತಿ ಬಿಡುವುದಿಲ್ಲವಲ್ಲ. 'ಕಿತ್ತಳೆ ವಿಮಾನ, ರನ್‌ವೇಯ ಎಡಕ್ಕಿದ್ದೇನೆ, ತಿರುಗುತ್ತಿದ್ದೇನೆ.' 'ಹಳದಿ ವಿಮಾನ, ನಿಮ್ಮ ಹಿಂದಿದ್ದೇನೆ, ಕಾಣುತ್ತಿದ್ದೀರಿ.' ಕಾಣುತ್ತಿದ್ದೀರಿ! ಒಬ್ಬರೊಂದಿಗೊಬ್ಬರು ಮಾತು ಬಿಟ್ಟ ಅಕ್ಕತಮ್ಮಂದಿರು ಇದಕ್ಕಿಂತ ಹೆಚ್ಚಿನದನ್ನು ಹೇಳಿಕೊಳ್ಳುವ ಇನ್ನೊಂದು ಏರ್ಪಾಡು ತಮ್ಮ ಯಾವುದಾದರೂ ಕಡತದಲ್ಲಿದ್ದರೆ ತಿಳಿಸಿ. ನೆಲದ ಮೇಲೆ ಅವಳು ಹ್ಯಾಂಗರಿನ ಈ ಬಾಗಿಲಲ್ಲಿ ಬಂದರೆ ನಾನು ಆ ಬಾಗಿಲಲ್ಲಿ ಹೊರಗೆ. ಮೆಕ್ಯಾನಿಕ್ ಇಬ್ಬರಿಗೂ ಬೇರೆಬೇರೆಯಾಗಿ ಚಹಾ ಕೊಟ್ಟು ಬೈದುಕೊಳ್ಳುತ್ತಾನೆ.

ಆ ಭಾನುವಾರ ಇಬ್ಬರೂ ಒಟ್ಟಿಗೇ ಇಳಿಯಲು ಬಂದೆವು. ಕೆಳಗೆ, ಮುಂದೆ ಇದ್ದದ್ದು ನಾನು. ಕೆಳಗಿರುವವರು ಮೊದಲು ಇಳಿಯಬೇಕೆಂಬುದು ನಿಯಮ. ದುಡಿಯುವ ವಿಮಾನಕ್ಕೆ ಮೋಜಿಗೆ ಹಾರುವವರು ದಾರಿ ಬಿಡಬೇಕೆಂಬುದು ನಮ್ಮಲ್ಲಿನ ರೂಢಿ. ನಾನು ರೂಢಿಯಂತೆ ದಾರಿ ಬಿಟ್ಟು ಮೇಲೇರಿದೆ. ಅವಳು ನಿಯಮದಂತೆ ಅದಾಗಲೇ ಮೇಲೇರಿದ್ದಳು. 'ನೀವೇ ಮುಂದೆ' ಎಂದೆ. 'ನಿಮ್ಮ ಸರದಿ' ಎಂದಳು. ಎರಡನೇ ಸುತ್ತಿನಲ್ಲೂ ಅದೇ. ಮೂರನೆಯದರಲ್ಲಿ ಇದು ಸೌಜನ್ಯವಲ್ಲ ಎಂದು ನನಗೆ ತಿಳಿದುಹೋಯಿತು. ಅವಳಿಂದ ಉಪಕಾರ ಪಡೆಯಲು ನನಗೆ ಮನಸ್ಸಿರಲಿಲ್ಲ, ನನ್ನಿಂದ ಪಡೆಯಲು ಅವಳಿಗೂ. ನಾಲ್ಕು, ಐದು. ಅಸಮರ್ಥತೆಯೇ ಇದು? ನಾನು ಬದುಕಿನಲ್ಲಿ ಅಷ್ಟು ದೃಢವಾಗಿ ನಿರ್ಧಾರ ತೆಗೆದುಕೊಂಡ ಇನ್ನೊಂದು ಸಂದರ್ಭವಿಲ್ಲ.

ಆರನೇ ಸುತ್ತಿನ ಹೊತ್ತಿಗೆ ಬಿಳಿ ವಿಮಾನದ ಮೇಷ್ಟ್ರು ಬಂದರು. ರೇಖಾಗಣಿತ ಹೇಳಿಕೊಟ್ಟು ನಿವೃತ್ತರಾದವರು, ಸುತ್ತುಗಳ ಬಗ್ಗೆ ಅವರಿಗೆ ತಾಳ್ಮೆ ಕಡಿಮೆ. 'ಏನ್ರಪ್ಪಾ, ಮದುವೆ ಮನೆ ಬಾಗಿಲಲ್ಲಿ ನಿಂತ ಬೀಗರ ಹಾಗೆ ಆಡ್ತಿದ್ದೀರಿ? ನೀವಿಬ್ರೂ ಅಲ್ಲೇ ಸುತ್ತುತ್ತಾ ಇರಿ. ನನಗೆ ಹಸಿವಾಗ್ತಿದೆ, ನಾನು ಇಳೀತೀನಿ' ಎಂದು ಎಲ್ಲರಿಗೂ ಕೇಳುವಂತೆ ಹೇಳಿ, ನಮ್ಮಿಬ್ಬರ ನಡುವೆ ಬೇಕಾದಷ್ಟು ಜಾಗವಿದೆಯೆಂದು ಖಾತ್ರಿ ಮಾಡಿಕೊಂಡು, ಇಳಿದೇ ಬಿಟ್ಟರು. ತಮ್ಮ ತಪಾಸಣಾಧಿಕಾರಿಗಳು ಈ ಬಿಳಿ ವಿಮಾನವನ್ನು ದಾಖಲಿಸಿಲ್ಲ. ಸಲೀಸಾಗಿ ಇಳಿದದ್ದನ್ನು ಬರೆಯಲು ವರದಿಯಲ್ಲಿ ಅಂಕಣವೇ ಇಲ್ಲ ಎಂದು ಕಾಣುತ್ತದೆ.

ಏಳನೇ ಸುತ್ತಿನಲ್ಲೂ ಇಬ್ಬರೂ ಇಳಿಯಲಿಲ್ಲ. ಎಂಟನೆಯದಕ್ಕೆ ತಿರುಗುತ್ತಿದ್ದೆ. ಆಗ ಅಕ್ಕನ ದನಿ, ಪದ್ಧತಿಯ ಹೊರಗಿನದು: 'ಏಯ್, ಇಳಿಯೋ. ಅಪ್ಪನ ವಿಮಾನ ಅದು. ಅದರ ಟ್ಯಾಂಕ್ ಎಷ್ಟು ಹೊತ್ತು ಬರತ್ತೆ ಅಂತ ನಂಗೊತ್ತು.'

ನಾನು ಇಂಧನದ ಮುಳ್ಳನ್ನು ನೋಡಿದೆ. ಅವಳು ಹೇಳಿದ್ದು ಸರಿಯಿತ್ತು. ಇನ್ನೆರಡು ಸುತ್ತು ಸುತ್ತಿದ್ದರೆ ತಮ್ಮ ನಾಲ್ಕನೆಯ ಪ್ಯಾರಾ ಬೇರೆ ಥರ ಇರುತ್ತಿತ್ತು. ಈ ಪತ್ರ ಬರೆಯಲು ನಾನಂತೂ ಇರುತ್ತಿರಲಿಲ್ಲವೇನೋ. ಇಳಿದೆ. ನನ್ನ ಹಿಂದೆಯೇ ಅವಳೂ ಇಳಿದಳು, ಟ್ಯಾಂಕಿಗೆ ಔಷಧಿ ತುಂಬಿಸಿಕೊಂಡಳು, ನನ್ನತ್ತ ನೋಡದೆ ಮತ್ತೆ ಹೊರಟಳು.

ದಯವಿಟ್ಟು ಗಮನಿಸಿ. ಆ ದಿನ ನನ್ನನ್ನು ಇಳಿಸಿದ್ದು ಅನಧಿಕೃತ ಸಂಭಾಷಣೆ. ತಮ್ಮ ಕಂಬ ಅಲ್ಲಿ ನಿಂತಿದ್ದರೆ ಅದಕ್ಕೆ ನನ್ನ ಅರ್ಜಿಯಲ್ಲಿನ ಗಂಟೆ ಗೊತ್ತಿರುತ್ತಿತ್ತು, ನನ್ನ ಟ್ಯಾಂಕ್ ಗೊತ್ತಿರುತ್ತಿರಲಿಲ್ಲ. ಹಸಿರು ದೀಪಕ್ಕೆ ಅಕ್ಕ ಇರುವುದಿಲ್ಲ.

ಅಂದಿನಿಂದ ಅವಳ ಮಾತಿಗೆ ಒಂದೊಂದು ವಾಕ್ಯ ಸೇರುತ್ತಿದೆ. ಮುಂದಿನ ಭಾನುವಾರ: 'ಗಾಳಿ ಪಕ್ಕದಿಂದ ತಳ್ತಿದೆ, ನೋಡ್ಕೊಂಡು.' ಅದರ ಮುಂದಿನ ವಾರ: 'ಆ ಹಳದಿಗೆ ಒಂದು ಸಲ ಬಣ್ಣ ಹೊಡ್ಸಿ, ನಾಚಿಕೆಯಾಗತ್ತೆ.' ಕಳೆದ ವಾರ ನಾನು ಉತ್ತರ ಕೊಡಬೇಕೆಂದು ರೇಡಿಯೋ ಗುಂಡಿ ಒತ್ತಿಹಿಡಿದು, ಹಾರುತ್ತಿದ್ದ ಎತ್ತರವನ್ನೇ ಎರಡು ಸಲ ಹೇಳಿದೆ. ಒಂದನೇ ತಾರೀಖಿಗೆ ಮುಂಚೆ ಇನ್ನು ಉಳಿದಿರುವುದು ಎರಡು ಭಾನುವಾರ. ನಮ್ಮ ವೇಗ ತಾವೇ ನೋಡಿದ್ದೀರಿ. ಎರಡು ಭಾನುವಾರದಲ್ಲಿ ಮುಗಿಸುವ ಜನರೇ ನಾವು?

ಆದ್ದರಿಂದ ಒತ್ತಾಯಿಸುತ್ತೇನೆ: ಆದೇಶವನ್ನು ಹಿಂತೆಗೆದುಕೊಳ್ಳಿ. ಅದಾಗದಿದ್ದರೆ, ತಾವು ಒಂದು ಭಾನುವಾರ ಬಂದು ಅದೇ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕುಳಿತು, ಕಣ್ಣು ಮುಚ್ಚಿ, ಬರೀ ರೇಡಿಯೋ ಕೇಳಿ; ಆಮೇಲೆ ಸಹಿ ಹಾಕಿ. ನಾಲ್ಕನೆಯ ಪ್ಯಾರಾವನ್ನು ಹೊಡೆದುಹಾಕಿ, 'ಕೌಟುಂಬಿಕ ಕಾರಣ' ಎಂದು ಬರೆಯಿರಿ. ಕಂಬ ಅದಾಗಲೇ ಬಂದಿದ್ದರೆ ವಾಪಸ್ ಕಳಿಸಬೇಡಿ, ನಮ್ಮ ಹಳೆಯ ಕಂಬ ಬಾಗಿದೆ. ಗಾಳಿಚೀಲ ಕಟ್ಟಿಕೊಳ್ಳುತ್ತೇವೆ.

ಈ ಪತ್ರದ ಒಂದು ಪ್ರತಿಯನ್ನು ಹ್ಯಾಂಗರಿನ ಬಾಗಿಲಿಗೆ, ತಮ್ಮ ಆದೇಶದ ಪಕ್ಕದಲ್ಲೇ ಅಂಟಿಸುತ್ತಿದ್ದೇನೆ. ಔಷಧಿ ತುಂಬಿಸಲು ಬರುವವರು ಆ ಬಾಗಿಲನ್ನು ದಾಟಿಯೇ ಹೋಗಬೇಕು. ಇನ್ನು ಬರುವ ಒಂದು ಸಾಲು ತಮಗೆ ಸಂಬಂಧಿಸಿದ್ದಲ್ಲ, ಆದರೂ ಕೇಳಿಸಿಕೊಳ್ಳಬೇಕಾಗುತ್ತದೆ. ನಮ್ಮಲ್ಲಿ ಒಬ್ಬರಿಗೆ ಹೇಳುವುದನ್ನು ಎಲ್ಲರಿಗೂ ಕೇಳುವಂತೆ ಹೇಳುವುದೇ ಪದ್ಧತಿ.

ಹಳದಿ ವಿಮಾನ. ಆ ದಿನ ಹಜಾರದಲ್ಲಿ ನಾನಾಡಿದ ಮಾತು ತಪ್ಪು. ಒಂಬತ್ತು ವರ್ಷದಿಂದ ಸುತ್ತುತ್ತಿದ್ದೇನೆ. ನೀನು ಮುಂದೆ ಹೋಗು ಅಕ್ಕಾ, ನಾನು ಹಿಂದೆಯೇ ಬರುತ್ತೇನೆ.

ಇಂತಿ,
ತಮ್ಮ ಅಪ್ಪಣೆಯಿಲ್ಲದೆ ಈವರೆಗೆ ಬದುಕಿರುವ,
ಸರದಿಯಲ್ಲಿ ಎರಡನೆಯವನು