ದೊಡ್ಡ ಪರೀಕ್ಷೆ ಬೇಡ, ನೋಯೆಮಿ

ಮೆಕ್ಯಾಲೆನ್, ಟೆಕ್ಸಸ್
ಆಗಸ್ಟ್ ೧೮

ನನ್ನ ಬಂಗಾರ ನೋಯೆಮಿಗೆ,

ಅಮ್ಮ ಫೋನು ಬಿಟ್ಟು ಕಾಗದ ಯಾಕೆ ಬರೆದಳು ಎಂದು ಹುಬ್ಬೇರಿಸಬೇಡ. ಫೋನಿನಲ್ಲಾದರೆ ನೀನು ನನ್ನ ದನಿಯಲ್ಲೇ ಎಲ್ಲ ಹಿಡಿದುಬಿಡುತ್ತೀ.

ಡಾಕ್ಟರ ಸಹಾಯಕಿಯ ಸರ್ಟಿಫಿಕೇಟಿಗೆ ದೊಡ್ಡ ಪರೀಕ್ಷೆ ಸಿಎಂಎಗೆ ಕೂರಲೋ, ಚಿಕ್ಕದು ಸಿಸಿಎಂಎಗೆ ಕೂರಲೋ ಎಂದು ಕೇಳಿದ್ದೆಯಲ್ಲ. ಹೈಸ್ಕೂಲಿನಿಂದಲೂ ನಿನ್ನ ತಲೆ ತಿಂದವಳು ನಾನೇ: "ಡಾಕ್ಟರ ಸಹಾಯಕಿ ಆಗೋದಾದ್ರೆ ಕಾಲೇಜು ಮುಗಿಸಿ ಸಿಎಂಎ ತಗೋ. ನನ್ನ ಹಾಗೆ ವರ್ಷಗಟ್ಟಲೆ ದುಡಿದು, ಆಮೇಲೆ ಆರ್‌ಎಂಎ ಸರ್ಟಿಫಿಕೇಟಿಗೆ ಒದ್ದಾಡಬೇಡ." ಈಗ ಅದೇ ಬಾಯಿಂದ ಹೇಳುತ್ತಿದ್ದೇನೆ, ಸಿಸಿಎಂಎ ಸಾಕು. ಸಿಎಂಎ ಅಂದರೆ ಮುಂದಿನ ಮೇ ತಿಂಗಳವರೆಗೂ ಸ್ಯಾನ್ ಆಂಟೋನಿಯೋದ ಕಾಲೇಜಿನಲ್ಲೇ ಇರಬೇಕು. ಸಿಸಿಎಂಎಗಾದರೆ ಹೋದ ವರ್ಷ ನೀನು ಕ್ಲಿನಿಕ್ಕಿನಲ್ಲಿ ದುಡಿದದ್ದನ್ನೇ ಲೆಕ್ಕಕ್ಕೆ ಹಿಡಿಯುತ್ತಾರೆ. ಬೇಗ ಪರೀಕ್ಷೆ ಬರೆದು ಮನೆಗೆ ಬರಬಹುದು.

ದೊಡ್ಡ ಆಸ್ಪತ್ರೆಗಳು ಸಿಎಂಎಯವರಿಗೇ ಮಣೆ ಹಾಕುತ್ತವೆ, ನಿಜ. ಆದರೆ ನಮ್ಮ ಕ್ಲಿನಿಕ್ಕಿಗೆ ಬರುವ ಅಜ್ಜಿಯರು ಗೋಡೆಯ ಮೇಲಿನ ಸರ್ಟಿಫಿಕೇಟಿನ ಕಾಗದ ಓದುತ್ತಾರೆಯೇ? ಅವರಿಗೆ ನಾವೆಲ್ಲರೂ ನರ್ಸಮ್ಮಂದಿರೇ. ನನ್ನ ಜೊತೆ ಕೆಲಸ ಮಾಡುವ ತೆಂಚಾ ಸಿಸಿಎಂಎಯವಳು. ನಾನು ಜಂಬ ಕೊಚ್ಚಿದಾಗಲೆಲ್ಲ, "ಅಯ್ಯೋ ಮಹಾರಾಣಿ, ಸೂಜಿ ಚುಚ್ಚೋವಾಗ ನಿನ್ನ ಕಾಗದಕ್ಕೆ ಹೆದರ್ಕೊಂಡು ನರ ತಾನಾಗೇ ಮೇಲೆ ಬರುತ್ತಾ?" ಅನ್ನುತ್ತಾಳೆ.

ಸಾಕು, ಇನ್ನು ಸುತ್ತಿ ಬಳಸಿ ಬರೆಯಲಾರೆ. ಹೊಟ್ಟೆನೋವು ಗ್ಯಾಸಿನದು ಎಂದುಕೊಂಡು ತಿಂಗಳುಗಟ್ಟಲೆ ಪುದೀನ ಕಷಾಯ ಕುಡಿದೆ. ಕೊನೆಗೆ ನಮ್ಮ ಡಾಕ್ಟರಿಗೇ ತೋರಿಸಿ ಸ್ಕ್ಯಾನ್ ಮಾಡಿಸಿಕೊಂಡೆ. ಗುರುವಾರ ಫಲಿತಾಂಶಕ್ಕೆಂದು ರೋಗಿಗಳ ಸಾಲಿನಲ್ಲಿ ಕೂತಿದ್ದೆ. ದಿನಾ "ಏ ಎಲೋ" ಅನ್ನುವ ತೆಂಚಾ ಬಾಗಿಲಲ್ಲಿ ನಿಂತು "ಎಲೋಯ್ಸಾ ಕಾಂಟು" ಎಂದು ಪೂರ್ತಿ ಹೆಸರು ಕೂಗಿದಳು. ತೂಕ ನೋಡಿದಳು, ಬಿಪಿ ನೋಡಿದಳು. ಆಮೇಲೆ ನನ್ನ ಮುಖ ನೋಡದೆ, "ಜೊತೆಗೆ ಯಾರಾದ್ರೂ ಬಂದಿದ್ದಾರಾ?" ಅಂದಳು.

ಫಲಿತಾಂಶ ಹೇಳುವ ಅಧಿಕಾರ ನಮಗಿಲ್ಲ ಮಗಳೇ, ಯಾವ ಸರ್ಟಿಫಿಕೇಟಿನವರಿಗೂ ಇಲ್ಲ. ಕೆಟ್ಟ ಸುದ್ದಿ ಕಾದಿದೆ ಎಂದು ಗೊತ್ತಾದಾಗ ಆ ಒಂದು ಪ್ರಶ್ನೆ ಕೇಳಿ ಆಚೆ ಬಂದುಬಿಡುತ್ತೇವೆ. ನಾನೂ ಎಷ್ಟು ಜನರನ್ನು ಕೇಳಿದ್ದೇನೋ! ಕೇಳಿಸಿಕೊಳ್ಳುವುದು ಇಷ್ಟು ಕಷ್ಟ ಎಂದು ಗೊತ್ತಿರಲಿಲ್ಲ. ಡಾಕ್ಟರ್ ಒಳಗೆ ಬಂದು ಮೇದೋಜೀರಕ ಗ್ರಂಥಿಯ ಕ್ಯಾನ್ಸರ್ ಅನ್ನುವಷ್ಟರಲ್ಲಿ ನಾನು ಅತ್ತು ಮುಗಿಸಿದ್ದೆ.

ನನಗೆ ನೀನು ಬೇಕು, ನೋಯೆಮಿ. ಸ್ವಾರ್ಥ ಅನ್ನು, ಏನಾದರೂ ಅನ್ನು. ನಿನ್ನ ಓದಿಗೆ ನಾನೇ ಕಲ್ಲು ಹಾಕುತ್ತಿದ್ದೇನೆ ಎಂದು ಕರುಳು ಕಿತ್ತು ಬರುತ್ತದೆ. ಆದರೂ ಬಾ.

ನಿನ್ನ ಅಮ್ಮ,
ಎಲೋಯ್ಸಾ

ಲಕೋಟೆ ಅಂಟಿಸುವ ಮೊದಲು ಇದನ್ನೂ ಹೇಳಿಬಿಡುತ್ತೇನೆ. ಡಾಕ್ಟರನ್ನು ನಾನು ಕೇಳಿದ್ದು ಒಂದೇ ಮಾತು: "ಮೇನಲ್ಲಿ ನನ್ನ ಮಗಳ ಕಾಲೇಜು ಮುಗಿಯುತ್ತೆ, ಅಲ್ಲೀತನಕ ಇರ್ತೀನಾ?" ಅವರು ಕುರ್ಚಿ ಹತ್ತಿರಕ್ಕೆ ಎಳೆದುಕೊಂಡು, "ಜೊತೆಗೆ ಯಾರೂ ಬಂದಿಲ್ವಾ, ಎಲೋಯ್ಸಾ?" ಅಂದರು. ಮಗಳು ದಾರೀಲಿದ್ದಾಳೆ ಅಂದುಬಿಟ್ಟೆ.